ರೋಗದ ಹೆಸರು ತಿಳಿಯುವ ಮೊದಲು: ಜೈವಿಕ ಅಪಾಯ ಮತ್ತು ನರ್ಸ್‌ಗಳ ತರಬೇತಿ

ಪ್ರಶ್ನೆ: ನಾನು ಮಲೆನಾಡಿನ ಒಂದು ತಾಲೂಕು ಆಸ್ಪತ್ರೆಯಲ್ಲಿ ಎಂಟು ವರ್ಷಗಳಿಂದ ಶುಶ್ರೂಷಾಧಿಕಾರಿಯಾಗಿ ಕೆಲಸ ಮಾಡುತ್ತಿದ್ದೇನೆ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದುವಾಗ ವಿಪತ್ತು ನಿರ್ವಹಣೆಯ ಪಾಠ ಎರಡು ತರಗತಿಗಳಲ್ಲಿ ಮುಗಿದುಹೋಗಿತ್ತು. ಕೋವಿಡ್ ಕಾಲದಲ್ಲಿ ಒಂದು ವಿಡಿಯೊ ತೋರಿಸಿ ಪಿಪಿಇ ಕಿಟ್ ಹಾಕುವುದನ್ನು ಕಲಿಸಿದರು, ಆಮೇಲೆ ಯಾವ ತರಬೇತಿಯೂ ನಡೆದಿಲ್ಲ. ಈಚೆಗೆ ಸಭೆಯೊಂದರಲ್ಲಿ ಆಂಥ್ರಾಕ್ಸ್, ಪ್ಲೇಗ್, ಸಿಡುಬು, ನಿಪಾ ಎಂದು ಹೆಸರುಗಳನ್ನು ಹೇಳಿ, ಜೈವಿಕ ಅಪಾಯಗಳಿಗೆ ಎಲ್ಲ ಸಿಬ್ಬಂದಿ ಸಜ್ಜಾಗಿರಬೇಕು ಎಂದರು. ಇದೆಲ್ಲ ವೈದ್ಯರು ಮತ್ತು ಸೇನೆಯವರು ನೋಡಿಕೊಳ್ಳುವ ವಿಷಯವಲ್ಲವೇ? ನಮ್ಮಂಥ ನರ್ಸ್‌ಗಳು ಎಷ್ಟು ತಿಳಿದಿರಬೇಕು? ಸರಿಯಾದ ತರಬೇತಿ ಎಂದರೆ ಹೇಗಿರಬೇಕು, ಅದನ್ನು ನಮ್ಮ ಆಸ್ಪತ್ರೆಯಲ್ಲೇ ಮಾಡಿಕೊಳ್ಳಲು ಸಾಧ್ಯವೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನಿಮ್ಮದರಂಥದೇ ಇನ್ನೊಂದು ತಾಲೂಕು ಆಸ್ಪತ್ರೆಯಲ್ಲಿ ನಡೆದದ್ದನ್ನು ನೆನಪಿಸಿ ಉತ್ತರಿಸುತ್ತೇನೆ. 2018ರ ಮೇ ತಿಂಗಳ ಮೊದಲ ವಾರದಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರ ತಾಲೂಕು ಆಸ್ಪತ್ರೆಗೆ ಜ್ವರದಿಂದ ಬಳಲುತ್ತಿದ್ದ ಒಬ್ಬ ಯುವಕ ದಾಖಲಾದ. ಅವನ ಆರೈಕೆ ಮಾಡಿದವರಲ್ಲಿ ಲಿನಿ ಪುದುಶ್ಶೇರಿ ಎಂಬ ನರ್ಸ್ ಒಬ್ಬರು. ಯುವಕನನ್ನು ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳುಹಿಸಲಾಯಿತು, ಅಲ್ಲಿ ಅವನು ತೀರಿಕೊಂಡ. ಆಗ ಆ ಜ್ವರಕ್ಕೆ ಹೆಸರೇ ಇರಲಿಲ್ಲ. ಸುಮಾರು ಎರಡು ವಾರಗಳ ಬಳಿಕ ಅದೇ ಮನೆಯ ಮತ್ತೊಬ್ಬರು ಅದೇ ರೀತಿಯ ಲಕ್ಷಣಗಳೊಂದಿಗೆ ಆಸ್ಪತ್ರೆಗೆ ಬಂದಾಗ ಅಲ್ಲಿನ ವೈದ್ಯರಿಗೆ ಅನುಮಾನ ಬಂದು, ಮಾದರಿಗಳು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋಗಿ, ಅದು ನಿಪಾ ಎಂದು ಗೊತ್ತಾಯಿತು. ಅಷ್ಟರಲ್ಲಿ ಲಿನಿ ಅವರೂ ಹಾಸಿಗೆ ಹಿಡಿದಿದ್ದರು; ಮೇ 21ರಂದು ಅವರು ತೀರಿಕೊಂಡರು. ಆ ಸಲ 18 ಮಂದಿಯಲ್ಲಿ ಸೋಂಕು ಪ್ರಯೋಗಾಲಯದಲ್ಲಿ ದೃಢಪಟ್ಟಿತು, ಅವರಲ್ಲಿ ಬದುಕುಳಿದವರು ಇಬ್ಬರೇ, ಆ ಇಬ್ಬರಲ್ಲಿ ಒಬ್ಬಳು ನರ್ಸಿಂಗ್ ವಿದ್ಯಾರ್ಥಿನಿ. ಸೋಂಕು ಹರಡಿದ್ದು ಹೆಚ್ಚಾಗಿ ಊರಿನಲ್ಲಲ್ಲ, ಆಸ್ಪತ್ರೆಗಳ ಒಳಗೆ.

ಇದನ್ನು ಯಾರದೋ ತಪ್ಪು ಹುಡುಕಲು ಹೇಳುತ್ತಿಲ್ಲ. ಆ ರಾತ್ರಿ ಆ ವಾರ್ಡಿನಲ್ಲಿ ನೀವಿದ್ದರೂ ನಾನಿದ್ದರೂ ಅದು ಬರೀ ಒಂದು ಜ್ವರದ ಕೇಸಾಗಿಯೇ ಕಾಣುತ್ತಿತ್ತು. ನಾನು ಹೇಳಬೇಕೆಂದಿರುವುದು ಇಷ್ಟು: ಅಪಾಯಕಾರಿ ರೋಗವೊಂದು ಆಸ್ಪತ್ರೆಗೆ ಬಂದ ಗಳಿಗೆಗೂ ಅದಕ್ಕೆ ಹೆಸರು ಸಿಗುವ ಗಳಿಗೆಗೂ ನಡುವೆ ಕೆಲವು ಗಂಟೆಗಳಿಂದ ಹಿಡಿದು ಎರಡು ವಾರಗಳವರೆಗಿನ ಒಂದು ಅವಧಿ ಇರುತ್ತದೆ. ಆ ಅವಧಿಯಲ್ಲಿ ತಜ್ಞರಿಲ್ಲ, ಸೇನೆಯಿಲ್ಲ, ಸುತ್ತೋಲೆಯಿಲ್ಲ. ರೋಗಿಯ ಬಾಯಿ ಒರೆಸುವವರು, ವಾಂತಿ ಹಿಡಿಯುವವರು, ಐವಿ ಲೈನ್ ಹಾಕುವವರು, ಗಂಟಲಿನ ಕಫ ಹೀರಿ ತೆಗೆಯುವ ಸಕ್ಷನ್ ಮಾಡುವವರು ನರ್ಸ್‌ಗಳೇ. ಆದ್ದರಿಂದ ನರ್ಸ್‌ಗಳ ಜ್ಞಾನ ಮತ್ತು ತರಬೇತಿಯನ್ನು ಅಳೆಯುವುದಾದರೆ, ಎಷ್ಟು ರೋಗಾಣುಗಳ ಹೆಸರು ಗೊತ್ತಿದೆ ಎಂದು ಕೇಳುವುದಕ್ಕಿಂತ, ಹೆಸರು ಗೊತ್ತಿಲ್ಲದ ಈ ಅವಧಿಯಲ್ಲಿ ಅವರ ಕೈಗಳು ಏನು ಮಾಡುತ್ತವೆ ಎಂದು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೋಯಿಕ್ಕೋಡಿನದು ಬಿಡಿ ಘಟನೆಯೂ ಅಲ್ಲ. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ನಿಪಾ ಕಾಣಿಸಿಕೊಂಡಾಗ ಸೋಂಕಿತರಲ್ಲಿ ಶೇಕಡ 75ರಷ್ಟು ಮಂದಿ ಆಸ್ಪತ್ರೆಯ ಸಿಬ್ಬಂದಿ ಇಲ್ಲವೇ ಆಸ್ಪತ್ರೆಗೆ ಬಂದುಹೋದವರಾಗಿದ್ದರು. 2014ರಿಂದ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ಹಬ್ಬಿದಾಗ 880ಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರು ಸೋಂಕಿಗೆ ಒಳಗಾಗಿ, 510ಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. ಆ ಸೋಂಕಿತರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನರ್ಸ್‌ಗಳು ಮತ್ತು ನರ್ಸಿಂಗ್ ಸಹಾಯಕರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿತು. ಹಾಗಿರುವಾಗ ಇದನ್ನು ನಮ್ಮ ವಿಷಯವಲ್ಲ ಎಂದುಕೊಳ್ಳಲು ನರ್ಸಿಂಗ್ ವೃತ್ತಿಯಲ್ಲಿರುವ ಯಾರಿಗೂ ಅವಕಾಶವಿಲ್ಲ.

ಜೈವಿಕ ಅಪಾಯ ಎಂಬ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಸಭೆಗಳಲ್ಲಿ ಅದನ್ನು ಯುದ್ಧದ ಅರ್ಥದಲ್ಲೇ ಬಳಸಿ ಕೇಳುವವರನ್ನು ಹೆದರಿಸುವುದುಂಟು. ರೋಗಾಣುವನ್ನು ಯಾರಾದರೂ ಉದ್ದೇಶಪೂರ್ವಕವಾಗಿ ಹರಡಬಹುದು, ಪ್ರಯೋಗಾಲಯದಿಂದ ಆಕಸ್ಮಿಕವಾಗಿ ಹೊರಬೀಳಬಹುದು, ಅಥವಾ ಕಾಡಿನಿಂದಲೋ ದನದ ಕೊಟ್ಟಿಗೆಯಿಂದಲೋ ತಾನಾಗಿ ಬರಬಹುದು. ಮೂರೂ ಜೈವಿಕ ಅಪಾಯಗಳೇ. ಜೈವಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 1975ರಿಂದ ಜಾರಿಯಲ್ಲಿದೆ, ಭಾರತವೂ ಅದಕ್ಕೆ ಬದ್ಧವಾಗಿದೆ. ಆದರೂ 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳ ಮೂಲಕ ಆಂಥ್ರಾಕ್ಸ್ ಪುಡಿ ಕಳುಹಿಸಿದಾಗ 22 ಮಂದಿಗೆ ರೋಗ ತಗುಲಿ ಐವರು ಸತ್ತರು. ಹಾಗೆಂದು ಉದ್ದೇಶಪೂರ್ವಕ ದಾಳಿಯನ್ನೇ ಕಲ್ಪಿಸಿಕೊಂಡು ಕೂರಬೇಕಿಲ್ಲ, ಯಾಕೆಂದರೆ ಮಂಚದ ಪಕ್ಕ ನಿಂತ ನರ್ಸ್‌ಗೆ ಮೊದಲ ದಿನ ಈ ಮೂರರ ನಡುವೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ, ಕಾಣಬೇಕಾದ ಅಗತ್ಯವೂ ಇಲ್ಲ. ದಾಳಿಯೋ ಅಲ್ಲವೋ ಎಂದು ತನಿಖೆ ಮಾಡುವುದು ಇತರರ ಕೆಲಸ. ನೀವು ಮಾಡಬೇಕಾದ್ದು ಮೂರೂ ಸಂದರ್ಭಗಳಲ್ಲಿ ಒಂದೇ.

ನೀವು ಮಲೆನಾಡಿನವರಾದ್ದರಿಂದ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸನ್ನು ಅಮೆರಿಕ ಸರ್ಕಾರ ಅತಿ ಅಪಾಯಕಾರಿ ಜೈವಿಕ ವಸ್ತುಗಳ ನಿಯಂತ್ರಿತ ಪಟ್ಟಿಯಲ್ಲಿ ಸೇರಿಸಿತ್ತು. ಜಗತ್ತು ಬೀಗ ಹಾಕಿ ಇಡಬೇಕೆನ್ನುವ ವೈರಸ್ಸಿನ ರೋಗಿಗಳಿಗೆ ನಿಮ್ಮ ಭಾಗದ ಆಸ್ಪತ್ರೆಗಳ ಸಿಸ್ಟರ್‌ಗಳು ಪ್ರತಿ ವರ್ಷ ಡಿಸೆಂಬರ್‌ನಿಂದ ಮೇವರೆಗೆ ಡ್ರಿಪ್ ಹಾಕುತ್ತಾ ಬಂದಿದ್ದಾರೆ. ಹಾಗಾಗಿ ಜೈವಿಕ ಅಪಾಯದ ಅನುಭವ ನಿಮಗಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆ ಅನುಭವವನ್ನು ವಿಧಿವತ್ತಾದ ತರಬೇತಿಯಾಗಿ ಮಾರ್ಪಡಿಸುವ ಕೆಲಸ ಮಾತ್ರ ನಡೆದಿಲ್ಲ.

ಈಗ ಎಷ್ಟು ತಿಳಿದಿರಬೇಕು ಎಂಬ ಪ್ರಶ್ನೆ. ಮೊದಲನೆಯದು ಅನುಮಾನಪಡುವ ಅಭ್ಯಾಸ. ಗಟ್ಟಿಮುಟ್ಟಾದ ಹರೆಯದವರು ಒಂದೆರಡು ದಿನಗಳಲ್ಲಿ ಉಸಿರಾಟದ ತೊಂದರೆಗೋ ಪ್ರಜ್ಞೆ ತಪ್ಪುವ ಸ್ಥಿತಿಗೋ ಜಾರಿದರೆ, ಒಂದೇ ಮನೆಯಿಂದ, ಒಂದೇ ಮದುವೆಯೂಟದಿಂದ, ಒಂದೇ ತೋಟದ ಕೆಲಸದಿಂದ ಇಬ್ಬರು ಮೂವರು ಒಂದೇ ಬಗೆಯ ಲಕ್ಷಣ ಹೊತ್ತು ಬಂದರೆ, ಆ ಋತುವಿನಲ್ಲಿ ಬರಬಾರದ ಕಾಯಿಲೆ ಬಂದರೆ, ಊರಿನಲ್ಲಿ ದನಗಳೋ ಮಂಗಗಳೋ ಸಾಯುತ್ತಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ರೋಗಿಯನ್ನು ನೋಡಿಕೊಂಡ ಸಿಬ್ಬಂದಿಯೇ ಮಲಗಿದರೆ, ಅದು ಮಾಮೂಲಿ ಜ್ವರವಲ್ಲ ಎಂದು ಮನಸ್ಸಿನಲ್ಲಿ ಗಂಟೆ ಬಾರಿಸಬೇಕು. ಇದಕ್ಕೆ ಬೇಕಾಗುವ ಮಾಹಿತಿ ದೊರೆಯುವುದು ದಾಖಲಾತಿಯ ಹೊತ್ತಿಗೆ ಕೇಳುವ ನಾಲ್ಕು ಪ್ರಶ್ನೆಗಳಿಂದ: ಈ ಮೂರು ವಾರಗಳಲ್ಲಿ ಎಲ್ಲಿಗಾದರೂ ಹೋಗಿದ್ದಿರಾ, ಏನು ಕೆಲಸ ಮಾಡುತ್ತೀರಿ, ಮನೆಯಲ್ಲಿ ಅಥವಾ ನೆರೆಹೊರೆಯಲ್ಲಿ ಇನ್ಯಾರಿಗಾದರೂ ಹೀಗಾಗಿದೆಯೇ, ಕಾಡಿನಲ್ಲಿ, ಕೊಟ್ಟಿಗೆಯಲ್ಲಿ ಪ್ರಾಣಿಗಳ ಸಂಪರ್ಕವಿತ್ತೇ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಸೀಮೆಯಲ್ಲಿ ಈ ಕೊನೆಯ ಪ್ರಶ್ನೆಯನ್ನು ಇನ್ನೂ ಬಿಡಿಸಿ ಕೇಳಬೇಕಾಗುತ್ತದೆ: ತರಗೆಲೆ ತರಲು, ಸೌದೆ ತರಲು ಹೋಗಿದ್ದಿರಾ, ಮೈಮೇಲೆ ಉಣುಗು ಹತ್ತಿತ್ತೇ, ಕೆಂಪು ಮೂತಿಯ ಮಂಗವೋ ಕಪ್ಪು ಮೂತಿಯ ಮುಸುವವೋ ಸತ್ತದ್ದನ್ನು ಕಂಡಿರಾ. ವೈದ್ಯರು ರೌಂಡ್ಸ್‌ನಲ್ಲಿ ರೋಗಿಯನ್ನು ಕೆಲವು ನಿಮಿಷ ನೋಡುತ್ತಾರೆ. ನಾಲ್ಕನೇ ಹಾಸಿಗೆಯ ಹೆಂಗಸೂ ಒಂಬತ್ತನೇ ಹಾಸಿಗೆಯ ಹುಡುಗನೂ ಒಂದೇ ಕೇರಿಯವರು ಎಂಬುದು ಮಾತ್ರ ರಾತ್ರಿ ಪಾಳಿಯ ಸಿಸ್ಟರ್‌ಗೆ ತಿಳಿಯುತ್ತದೆ, ಏಕೆಂದರೆ ಇಬ್ಬರ ಕಡೆಯವರಿಗೂ ರಾತ್ರಿ ಬಿಸಿನೀರು ಎಲ್ಲಿ ಸಿಗುತ್ತದೆ ಎಂದು ತೋರಿಸಿದವರು ಅವರೇ. ಆ ಸಂಗತಿ ನರ್ಸ್‌ಗಳ ವರದಿ ಪುಸ್ತಕದಲ್ಲಿ ಬರೆಯಲ್ಪಟ್ಟು, ಬೆಳಗಿನ ಹ್ಯಾಂಡೋವರ್‌ನಲ್ಲಿ ಬಾಯಿಬಿಟ್ಟು ಹೇಳಲ್ಪಡಬೇಕು.

ಎರಡನೆಯದು, ರೋಗಗಳನ್ನು ಹೆಸರಿನಿಂದಲ್ಲದೆ ಹರಡುವ ದಾರಿಯಿಂದ ತಿಳಿದುಕೊಳ್ಳುವುದು. ಸಭೆಯಲ್ಲಿ ನಿಮಗೆ ಹೇಳಿದ ಹೆಸರುಗಳನ್ನೇ ತೆಗೆದುಕೊಳ್ಳೋಣ. ಪಶುವೈದ್ಯರು ನೆರಡಿ ಎನ್ನುವ ಆಂಥ್ರಾಕ್ಸ್, ಕೇಳಲು ಭಯಂಕರವಾದರೂ, ಶ್ವಾಸಕೋಶಕ್ಕೆ ತಗುಲಿದಾಗ ಕೂಡ ರೋಗಿಯಿಂದ ನರ್ಸ್‌ಗೆ ಉಸಿರಿನ ಮೂಲಕ ಹರಡುವುದಿಲ್ಲ. ಎಲ್ಲ ರೋಗಿಗಳಿಗೂ ಪಾಲಿಸಬೇಕಾದ ಸಾಮಾನ್ಯ ಮುನ್ನೆಚ್ಚರಿಕೆಯೇ ಸಾಕು, ಚರ್ಮದ ಹುಣ್ಣು ಒಸರುತ್ತಿದ್ದರೆ ಗ್ಲೌಸ್ ಮತ್ತು ಗೌನ್ ಬೇಕು. ಆದರೆ ಅದರ ಬೀಜಕಣಗಳನ್ನು ಆಲ್ಕೋಹಾಲ್ ಸ್ಯಾನಿಟೈಸರ್ ಕೊಲ್ಲುವುದಿಲ್ಲ, ಸೋಪು ನೀರಿನಲ್ಲಿ ಕೈ ತೊಳೆಯಲೇಬೇಕು. ಕೋವಿಡ್ ನಂತರ ಸ್ಯಾನಿಟೈಸರ್ ಒಂದನ್ನೇ ನಂಬಿಕೊಂಡವರು ಇದನ್ನು ಗಮನಿಸಬೇಕು. ಬೊಟುಲಿಸಂ ಎಂಬ ವಿಷಬಾಧೆಯೂ ಒಬ್ಬರಿಂದೊಬ್ಬರಿಗೆ ಹರಡದು. ಜ್ವರವಿಲ್ಲದೆ, ಎಚ್ಚರ ಪೂರ್ತಿ ಇದ್ದು, ರೆಪ್ಪೆ ಜೋಲುವುದರಿಂದ ಶುರುವಾಗಿ ಎರಡೂ ಬದಿಯಲ್ಲಿ ಸಮನಾಗಿ ಕೆಳಮುಖವಾಗಿ ಇಳಿಯುವ ಸ್ನಾಯುಗಳ ಬಲಹೀನತೆಯನ್ನು ಕಂಡರೆ ಅದನ್ನು ನೆನೆದು ಉಸಿರಾಟದ ಮೇಲೆ ಕಣ್ಣಿಡಬೇಕು. ಇದಕ್ಕೆ ತದ್ವಿರುದ್ಧ ಶ್ವಾಸಕೋಶದ ಪ್ಲೇಗ್: ಕೆಮ್ಮಿನ ಹನಿಗಳಿಂದ ಹರಡುವ ಈ ರೋಗದಲ್ಲಿ, ಸರಿಯಾದ ಆ್ಯಂಟಿಬಯಾಟಿಕ್ ಶುರುವಾಗಿ 48 ಗಂಟೆ ಕಳೆಯುವವರೆಗೆ ರೋಗಿಯನ್ನು ಪ್ರತ್ಯೇಕ ಇಡಬೇಕು, ಹತ್ತಿರ ಹೋಗುವವರು ಮಾಸ್ಕ್ ಮತ್ತು ಕಣ್ಣಿನ ರಕ್ಷಣೆ ಇಲ್ಲದೆ ಹೋಗಬಾರದು. ನಿಪಾ ಮೈಯಿಂದ ಹೊರಬರುವ ದ್ರವಗಳ ಮತ್ತು ಕೆಮ್ಮಿನ ಹನಿಗಳ ಮೂಲಕ ಹತ್ತಿರದವರಿಗೆ ಅಂಟುತ್ತದೆ. ಸಕ್ಷನ್, ನೆಬುಲೈಸೇಷನ್, ಟ್ಯೂಬ್ ಹಾಕುವಂಥ ಕೆಲಸಗಳಲ್ಲಿ ಎನ್-95 ಮಾಸ್ಕ್ ಬೇಕೇ ಬೇಕು. ಸಿಡುಬು ಗಾಳಿಯಲ್ಲಿಯೂ ಸ್ಪರ್ಶದಿಂದಲೂ ಹರಡುತ್ತಿತ್ತು. ಭಾರತದಲ್ಲಿ ಅದರ ಕೊನೆಯ ರೋಗಿ ಕಂಡದ್ದು 1975ರಲ್ಲಿ, ಇಂದು ಡ್ಯೂಟಿಯಲ್ಲಿರುವ ಯಾವ ನರ್ಸ್ ಕೂಡ ಅದನ್ನು ಕಣ್ಣಾರೆ ಕಂಡಿಲ್ಲ. ಮುಖ, ಅಂಗೈ, ಅಂಗಾಲುಗಳಲ್ಲಿ ದಟ್ಟವಾಗಿ, ಎಲ್ಲವೂ ಒಂದೇ ಹಂತದಲ್ಲಿರುವ ಗಟ್ಟಿ ಗುಳ್ಳೆಗಳು ಸಿಡುಬಿನ ಗುರುತು. ಎದೆ, ಬೆನ್ನಿನಲ್ಲಿ ಹೆಚ್ಚಾಗಿ, ಹೊಸದು ಹಳೆಯದು ಬೆರೆತು ಏಳುವ ಮೆದು ಗುಳ್ಳೆಗಳು ಸೀತಾಳೆ ಸಿಡುಬಿನವು. ಇಷ್ಟು ತಿಳಿದಿದ್ದರೆ ಒಬ್ಬ ಸ್ಟಾಫ್ ನರ್ಸ್‌ಗೆ ಸಾಕು. ಆದರೆ ಇಷ್ಟು ತಿಳಿದೇ ಇರಬೇಕು.

ಹರಡುವ ದಾರಿ ತಿಳಿಯದೆ ಎಲ್ಲಕ್ಕೂ ಪೂರ್ತಿ ಕಿಟ್ ತೊಡುವುದು ಜಾಣತನವೆಂದು ಕೆಲವರು ಭಾವಿಸುತ್ತಾರೆ, ನಾನು ಒಪ್ಪುವುದಿಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆ ರೋಗಿಯ ರಕ್ತ ತೆಗೆಯುವಾಗ, ಸೂಜಿ ವಿಲೇವಾರಿ ಮಾಡುವಾಗ, ಮಾದರಿಯನ್ನು ಮೂರು ಪದರದ ಪೊಟ್ಟಣದಲ್ಲಿ ಕಟ್ಟುವಾಗ ಎಚ್ಚರ ಬೇಕು, ಅಷ್ಟೇ. ಅವರ ಹತ್ತಿರ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡು ಹೋದರೆ ಕಿಟ್ ವ್ಯರ್ಥ, ರೋಗಿಗೆ ಅವಮಾನ, ಮನೆಯವರಿಗೆ ದಿಗಿಲು, ಮಾರನೆಯ ದಿನ ಊರಲ್ಲಿ ಬಹಿಷ್ಕಾರ.

ಮೂರನೆಯದು ವರದಿ ಮಾಡುವುದು, ಮತ್ತು ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮಲ್ಲಿ 2004ರಿಂದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ಇದೆ. ಮೊದಲು ವಾರಕ್ಕೊಮ್ಮೆ ಕಾಗದದ ನಮೂನೆಯಲ್ಲಿ ಹೋಗುತ್ತಿದ್ದ ಮಾಹಿತಿ ಈಗ ಆನ್‌ಲೈನ್ ವೇದಿಕೆಯಲ್ಲಿ ದಾಖಲಾಗುತ್ತದೆ. ಆದರೆ ಆ ವೇದಿಕೆಗೆ ಮಾಹಿತಿ ತಲುಪುವುದು ಯಾರಾದರೂ ಇದು ಸಹಜವಲ್ಲ ಎಂದು ಬಾಯಿಬಿಟ್ಟರೆ ಮಾತ್ರ. 2003ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ರೋಗ ಮುಗಿಯಿತೆಂದು ಮೇ ತಿಂಗಳಲ್ಲಿ ಮುನ್ನೆಚ್ಚರಿಕೆಗಳನ್ನು ಸಡಿಲಿಸಿದರು. ಅಲ್ಲಿನ ಆಸ್ಪತ್ರೆಯೊಂದರ ನರ್ಸ್‌ಗಳು ತಮ್ಮ ವಾರ್ಡುಗಳಲ್ಲಿ ಮತ್ತೆ ಅದೇ ಬಗೆಯ ನ್ಯುಮೋನಿಯಾ ಕಾಣುತ್ತಿದೆ ಎಂದು ಹೇಳಿದರೂ ಅದು ಸಾರ್ಸ್ ಅಲ್ಲ ಎಂಬ ಉತ್ತರ ಬಂತು. ಅದು ಸಾರ್ಸೇ ಆಗಿತ್ತು, ಎರಡನೆಯ ಅಲೆ ಅಲ್ಲಿಂದಲೇ ಎದ್ದಿತು. ನಂತರ ನ್ಯಾಯಮೂರ್ತಿ ಆರ್ಚಿ ಕ್ಯಾಂಬೆಲ್ ಅವರ ನೇತೃತ್ವದ ಆಯೋಗ ವಿಚಾರಣೆ ನಡೆಸಿ, ನರ್ಸ್‌ಗಳ ಮಾತಿಗೆ ಕಿವಿಗೊಡದಿದ್ದುದನ್ನು ವಿವರವಾಗಿ ದಾಖಲಿಸಿತು. ನರ್ಸ್‌ಗಳಿಗೆ ಕೊಡುವ ತರಬೇತಿಯ ಅರ್ಧದಷ್ಟನ್ನು ಅವರ ಮೇಲಿನವರಿಗೂ ಕೊಡಬೇಕು ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದೇ ಕಾರಣಕ್ಕೆ. ನಿಮ್ಮ ಮಟ್ಟಿಗೆ ಮಾಡಬಹುದಾದ್ದೆಂದರೆ, ಅನುಮಾನ ಬಂದ ಕೂಡಲೇ ಡ್ಯೂಟಿ ಡಾಕ್ಟರಿಗೂ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೂ ತಿಳಿಸಿ, ತಿಳಿಸಿದ ಸಮಯವನ್ನು ವರದಿ ಪುಸ್ತಕದಲ್ಲಿ ಬರೆದು, ತಾಲೂಕು ಆರೋಗ್ಯಾಧಿಕಾರಿಗಳ ಮತ್ತು ಜಿಲ್ಲಾ ಸರ್ವೇಕ್ಷಣಾಧಿಕಾರಿಗಳ ದೂರವಾಣಿ ಸಂಖ್ಯೆಯನ್ನು ನರ್ಸ್‌ಗಳ ಕೌಂಟರಿನ ಗೋಡೆಗೆ ಅಂಟಿಸಿಡುವುದು. ಬೆಳಗಾಗಲಿ, ವರದಿ ಬರಲಿ ಎಂದು ಕಾಯುವುದು ಬೇಡ. ಅನುಮಾನ ಸುಳ್ಳಾದರೆ ಯಾರಿಗೂ ನಷ್ಟವಿಲ್ಲ.

ಇನ್ನು ತರಬೇತಿ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ ವಿಪತ್ತು ಶುಶ್ರೂಷೆಯಲ್ಲಿ ನರ್ಸ್‌ಗಳಿಗೆ ಇರಬೇಕಾದ ಸಾಮರ್ಥ್ಯಗಳನ್ನು 2009ರಲ್ಲಿ ಪಟ್ಟಿ ಮಾಡಿ, 2019ರಲ್ಲಿ ಪರಿಷ್ಕರಿಸಿತು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2008ರಲ್ಲೇ ಜೈವಿಕ ವಿಪತ್ತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಕಾಗದದ ಮೇಲೆ ನಮಗೆ ಕೊರತೆಯಿಲ್ಲ. ಕೊರತೆ ಇರುವುದು ಕೈಗಳ ಅಭ್ಯಾಸದಲ್ಲಿ. 2014ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಆಸ್ಪತ್ರೆಯಲ್ಲಿ, ಸಲಕರಣೆಗಳಿಗೇನೂ ಬಡತನವಿಲ್ಲದ ದೇಶದಲ್ಲಿ, ಒಬ್ಬ ಎಬೋಲಾ ರೋಗಿಯನ್ನು ನೋಡಿಕೊಂಡ ಇಬ್ಬರು ನರ್ಸ್‌ಗಳಿಗೆ ಸೋಂಕು ತಗುಲಿತು. ಆ ಬಳಿಕ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ತನ್ನ ಸೂಚನೆಗಳನ್ನು ಬಿಗಿಗೊಳಿಸಿ ಮೂರು ಮಾತು ಹೇಳಿತು: ಕೆಲಸಕ್ಕೆ ಹೋಗುವ ಮೊದಲು ಮತ್ತೆ ಮತ್ತೆ ಕೈಯಾರೆ ಅಭ್ಯಾಸ ಮಾಡಿರಬೇಕು, ಕಿಟ್ ತೊಟ್ಟಾಗ ಚರ್ಮ ಎಲ್ಲೂ ಕಾಣಬಾರದು, ತೊಡುವಾಗಲೂ ಕಳಚುವಾಗಲೂ ತರಬೇತಿ ಪಡೆದ ಇನ್ನೊಬ್ಬರು ನಿಂತು ನೋಡಬೇಕು. ಈ ಮೂರರಲ್ಲಿ ಮೂರನೆಯದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಆದರೂ ನಮ್ಮಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿರುವುದು ಅದೇ.

ವಿಡಿಯೊ ನೋಡಿ ಕಲಿತದ್ದು ಏಕೆ ಸಾಲದು ಎಂಬುದನ್ನು ನಾನು ತರಬೇತಿಗಳಲ್ಲಿ ಅರಿಸಿನದಿಂದ ತೋರಿಸುತ್ತೇನೆ. ಪೂರ್ತಿ ಕಿಟ್ ತೊಟ್ಟ ಸಿಸ್ಟರ್‌ಗಳ ಗ್ಲೌಸ್ ಮೇಲೆ, ಗೌನಿನ ಎದೆಯ ಮೇಲೆ ಎಣ್ಣೆಯಲ್ಲಿ ಕಲಸಿದ ಅರಿಸಿನ ಬಳಿದು, ರೋಗಿಯ ಮಗ್ಗುಲು ಬದಲಿಸುವಂತೆ, ಬಿಪಿ ನೋಡುವಂತೆ ಹತ್ತು ನಿಮಿಷ ಕೆಲಸ ಮಾಡಿಸಿ, ಆಮೇಲೆ ಕಳಚಲು ಹೇಳುತ್ತೇನೆ. ಹದಿನೈದು ವರ್ಷ ಸೇವೆಯಾದವರು ಕೂಡ ತಾವು ಸರಿಯಾಗಿಯೇ ಕಳಚಿದೆವೆಂದು ಖಚಿತವಾಗಿ ಹೇಳುತ್ತಾರೆ. ಬೆಳಕಿಗೆ ಬಂದು ನಿಂತಾಗ ಹಳದಿ ಎಲ್ಲೆಲ್ಲಿ ಇರುತ್ತದೆ ಗೊತ್ತೇ? ಮಣಿಕಟ್ಟಿನ ಸುತ್ತ ಒಂದು ಬಳೆಯಂತೆ, ಏಕೆಂದರೆ ಎರಡನೆಯ ಗ್ಲೌಸನ್ನು ಒಳಗಿನಿಂದ ತಿರುವುವ ಬದಲು ಹೊರಗಿನಿಂದ ಜಗ್ಗಿರುತ್ತಾರೆ. ಕಿವಿಯ ಹಿಂದೆ, ಮಾಸ್ಕಿನ ದಾರ ತೆಗೆದ ಜಾಗದಲ್ಲಿ. ಕತ್ತಿನ ಎಡಬದಿಯಲ್ಲಿ, ಗೌನಿನ ಕಟ್ಟು ಬಿಚ್ಚಿದ ಬೆರಳಿನ ಗುರುತು. ಒಮ್ಮೆ ಒಬ್ಬರ ಮಾಂಗಲ್ಯ ಸರದ ಎರಡು ಕರಿಮಣಿಗಳ ನಡುವೆ ಅರಿಸಿನ ಸಿಕ್ಕಿಕೊಂಡಿತ್ತು. ಅದನ್ನು ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡಾಗ ಮಗು ಬಾಯಿಗೆ ಹಾಕಿಕೊಳ್ಳುತ್ತದೆ ಎಂದು ಅವರೇ ಹೇಳಿ ಸುಮ್ಮನಾದರು. ಆ ಅರ್ಧ ಗಂಟೆಯಲ್ಲಿ ಕಲಿತದ್ದನ್ನು ಯಾವ ಸ್ಲೈಡೂ ಕಲಿಸದು. ಕಳಚುವ ಕ್ರಮ ಸರಳ: ಮೊದಲು ಗ್ಲೌಸ್, ಆಮೇಲೆ ಕಣ್ಣಿನ ರಕ್ಷಣೆ, ಆಮೇಲೆ ಗೌನ್, ಕೊಠಡಿಯಿಂದ ಹೊರಬಂದ ಮೇಲೆ ಕೊನೆಯದಾಗಿ ಮಾಸ್ಕ್; ಪ್ರತಿ ಹಂತದ ನಡುವೆ ಕೈ ಸ್ವಚ್ಛತೆ. ಆದರೆ ರಾತ್ರಿ ಮೂರು ಗಂಟೆಗೆ, ಬೆವರಿನಲ್ಲಿ ಗಾಗಲ್ಸ್ ಮಂಜಾಗಿರುವಾಗ, ಆ ಕ್ರಮವನ್ನು ತಲೆ ನೆನಪಿಡುವುದಿಲ್ಲ, ಕೈ ನೆನಪಿಡಬೇಕು. ಎನ್-95 ಮಾಸ್ಕಿನದೂ ಹಾಗೆಯೇ: ತೊಟ್ಟ ಮೇಲೆ ಎರಡೂ ಅಂಗೈಯಿಂದ ಮುಚ್ಚಿ ಜೋರಾಗಿ ಉಸಿರು ಬಿಟ್ಟಾಗ ಮೂಗಿನ ಪಕ್ಕದಿಂದ ಗಾಳಿ ನುಗ್ಗಿದರೆ ಅದು ತೊಟ್ಟರೂ ತೊಡದಂತೆಯೇ.

ಅಭ್ಯಾಸ ತಪ್ಪಿದರೆ ಕೈ ಮರೆಯುತ್ತದೆ. ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕೌಶಲ ಕಲಿತ ಮೂರರಿಂದ ಆರು ತಿಂಗಳಲ್ಲೇ ಕುಸಿಯತೊಡಗುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಎಲ್ಲೋ ಅಪರೂಪಕ್ಕೆ ಬೇಕಾಗುವ ಪಿಪಿಇ ಕೌಶಲ ಅದಕ್ಕಿಂತ ಹೆಚ್ಚು ಬಾಳುತ್ತದೆಂದು ನಿರೀಕ್ಷಿಸುವಂತಿಲ್ಲ. ಆದ್ದರಿಂದ ವರ್ಷಕ್ಕೊಂದು ದಿನ ಹಾಲ್‌ನಲ್ಲಿ ಕೂರಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳುಹಿಸುವ ಕಾರ್ಯಾಗಾರಕ್ಕಿಂತ, ತಿಂಗಳಿಗೊಮ್ಮೆ ವಾರ್ಡಿನಲ್ಲೇ ಇಪ್ಪತ್ತು ನಿಮಿಷ ಮಾಡುವ ಅಭ್ಯಾಸ ಮೇಲು. ಇದು ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ. ಹೌದು, ನಿಮ್ಮ ಆಸ್ಪತ್ರೆಯಲ್ಲೇ ಸಾಧ್ಯ, ಅಲ್ಲಿಯೇ ಆಗಬೇಕು ಕೂಡ.

ಅಲ್ಲಿಯೇ ಏಕೆ ಎಂದರೆ, ಆಸ್ಪತ್ರೆಯ ನಿಜವಾದ ದೋಷಗಳು ಹೊರಗೆ ಬರುವುದು ಅಲ್ಲಿಯ ಅಣಕು ಪ್ರದರ್ಶನದಲ್ಲಿ ಮಾತ್ರ. ಹಿಂದೆ ನಾನು ಸೋಂಕು ನಿಯಂತ್ರಣ ನರ್ಸ್ ಆಗಿದ್ದ ಒಂದು ಆಸ್ಪತ್ರೆಯಲ್ಲಿ ರಾತ್ರಿ ಹತ್ತು ಗಂಟೆಗೆ, ಯಾರಿಗೂ ಮುಂಚೆ ಹೇಳದೆ, ಒಬ್ಬ ಕಲ್ಪಿತ ರೋಗಿಯನ್ನು ಕ್ಯಾಶುವಾಲ್ಟಿಗೆ ಕಳುಹಿಸಿದೆವು. ಸಿಸ್ಟರ್ ಸರಿಯಾಗಿಯೇ ಅನುಮಾನಪಟ್ಟರು, ರೋಗಿಗೆ ಮಾಸ್ಕ್ ಕೊಟ್ಟು ದೂರ ಕೂರಿಸಿದರು, ಡಾಕ್ಟರಿಗೆ ಫೋನ್ ಮಾಡಿದರು. ಅಲ್ಲಿಗೆ ಎಲ್ಲ ನಿಂತಿತು. ಪಿಪಿಇ ಕಿಟ್‌ಗಳಿದ್ದ ಬೀರುವಿನ ಬೀಗದ ಕೈ ಸ್ಟೋರಿನವರ ಬಳಿ ಇತ್ತು, ಅವರು ಸಂಜೆಯೇ ಮನೆಗೆ ಹೋಗಿದ್ದರು. ಮಾರನೆಯ ದಿನ ಬೀರು ತೆರೆದು ನೋಡಿದರೆ ಇದ್ದವೆಲ್ಲ ಒಂದೇ ದೊಡ್ಡ ಅಳತೆಯವು; ಐದಡಿ ಎತ್ತರದ ನಮ್ಮ ಹೆಣ್ಣುಮಕ್ಕಳು ಅದನ್ನು ತೊಟ್ಟು ನಡೆದರೆ ಕಾಲಿಗೆ ಸಿಕ್ಕಿ ಎಡವುವಂತಿತ್ತು. ಅಲ್ಲಿನ ನರ್ಸ್‌ಗಳ ಜ್ಞಾನವನ್ನು ಪ್ರಶ್ನೆಪತ್ರಿಕೆ ಕೊಟ್ಟು ಅಳೆದಿದ್ದರೆ ಎಲ್ಲರೂ ಪಾಸಾಗುತ್ತಿದ್ದರು. ಮರುದಿನದಿಂದ ನಾಲ್ಕು ಕಿಟ್‌ಗಳು, ಎರಡು ಅಳತೆಯವು, ಬೀಗವಿಲ್ಲದ ಪೆಟ್ಟಿಗೆಯಲ್ಲಿ ಕ್ಯಾಶುವಾಲ್ಟಿಯ ಮೇಜಿನ ಕೆಳಗೆ ಇರತೊಡಗಿದವು.

ನೀವು ಹೀಗೆ ಶುರು ಮಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಕಲ್ಪ ಎಂಬ ಸ್ವಚ್ಛತಾ ಪ್ರಶಸ್ತಿಯ ಮೌಲ್ಯಮಾಪನಕ್ಕಾಗಿಯಾದರೂ ಸೋಂಕು ನಿಯಂತ್ರಣ ಸಮಿತಿ ಇರಲೇಬೇಕು, ನಿಮ್ಮಲ್ಲೂ ಇರುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿದ ಸೋಂಕು ತಡೆ ಮಾರ್ಗಸೂಚಿಯನ್ನು ಆಧಾರವಾಗಿಟ್ಟುಕೊಂಡು, ತಿಂಗಳ ಅಭ್ಯಾಸಕ್ಕೆ ಆ ಸಮಿತಿಯಲ್ಲಿ ಒಪ್ಪಿಗೆ ಪಡೆಯಿರಿ. ಒಂದು ತಿಂಗಳು ಕಿಟ್ ತೊಟ್ಟು ಕಳಚುವುದು, ಜೋಡಿಯಾಗಿ, ಒಬ್ಬರು ಓದಿ ಹೇಳುತ್ತಾ ನೋಡುವುದು. ಇನ್ನೊಂದು ತಿಂಗಳು ವಾರ್ಡಿನ ನೆಲಕ್ಕೆ ರಕ್ತ ಚೆಲ್ಲಿದರೆ ಏನು ಮಾಡಬೇಕೆಂಬುದು: ಸ್ಟೋರಿನಲ್ಲಿ ಬರುವ ಶೇಕಡ 5ರ ಹೈಪೋಕ್ಲೋರೈಟ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದರೆ ಶೇಕಡ 1ರ ದ್ರಾವಣ, ಅದನ್ನು ದಿನವೂ ಹೊಸದಾಗಿ ಮಾಡಬೇಕು, ಸುರಿದ ಕೂಡಲೇ ಒರೆಸದೆ ಕನಿಷ್ಠ ಹತ್ತು ನಿಮಿಷ ಬಿಡಬೇಕು. ಮತ್ತೊಂದು ತಿಂಗಳು ಕಾಗದದ ಮೇಲೆ ಒಂದು ಕಥೆ: ಒಂದೇ ತೋಟದ ಮೂವರು ಕಾರ್ಮಿಕರಿಗೆ ಜ್ವರ, ಇಬ್ಬರಿಗೆ ಉಸಿರಾಟದ ತೊಂದರೆ, ಯಾರು ಯಾರಿಗೆ ಹೇಳಬೇಕು, ಯಾವ ಕೊಠಡಿ, ಕಿಟಕಿಯ ಗಾಳಿ ಯಾವ ಕಡೆಗೆ ಹೋಗುತ್ತದೆ. ಮಂಗನ ಕಾಯಿಲೆಯ ಋತು ಶುರುವಾಗುವ ಮೊದಲು, ನವೆಂಬರ್‌ನಲ್ಲಿ, ಉಣುಗಿನ ಪ್ರಶ್ನೆಗಳ ಮತ್ತು ಮಾದರಿ ಕಟ್ಟುವ ಅಭ್ಯಾಸ ಇರಲಿ. ಆಶಾ ಕಾರ್ಯಕರ್ತೆಯರನ್ನೂ ಅದಕ್ಕೆ ಕರೆಯಿರಿ, ಮಂಗ ಸತ್ತ ಸುದ್ದಿ ಮೊದಲು ತಲುಪುವುದು ಅವರಿಗೆ.

ಗ್ರೂಪ್ ಡಿ ನೌಕರರನ್ನು, ಆಯಾಗಳನ್ನು, 108ರ ಸಿಬ್ಬಂದಿಯನ್ನು ಬಿಟ್ಟು ತರಬೇತಿ ಮಾಡಬೇಡಿ. ನೆಲ ಒರೆಸುವವರು, ಹಳದಿ ಚೀಲ ಕಟ್ಟುವವರು, ಶವ ಸಾಗಿಸುವವರು ಅವರು. ಅವರಿಗೆ ಕೊಡುವ ಗ್ಲೌಸ್ ತೆಳ್ಳಗಿನದು, ಅವರಿಗೆ ಹೇಳುವ ಮಾತು ‘ಹುಷಾರು’ ಎಂಬ ಒಂದೇ ಶಬ್ದ. ತರಬೇತಿಯ ಭಾಷೆಯೂ ಅವರ ಭಾಷೆಯೇ ಆಗಿರಬೇಕು. ಗೋಡೆಗೆ ಅಂಟಿಸುವ ಚಿತ್ರಪಟ ಇಂಗ್ಲಿಷಿನಲ್ಲಿದ್ದರೆ, ಅದನ್ನು ಓದಬೇಕಾದವರ ಪೈಕಿ ಅರ್ಧ ಜನಕ್ಕೆ ಅದು ಗೋಡೆಯ ಅಲಂಕಾರವಷ್ಟೇ.

ತರಬೇತಿಯಿಂದ ನಿಜವಾಗಿಯೂ ವ್ಯತ್ಯಾಸವಾಗುತ್ತದೆಯೇ ಎಂದು ನಿಮ್ಮ ಮೇಲಧಿಕಾರಿಗಳು ಕೇಳಬಹುದು. ಮತ್ತೆ ಕೇರಳವನ್ನೇ ತೋರಿಸಿ. 2018ರ ನಂತರ ಅಲ್ಲಿ ಆಸ್ಪತ್ರೆಗಳ ಸಿಬ್ಬಂದಿ ಅನುಮಾನಪಡುವುದನ್ನು ಕಲಿತರು. 2019ರಲ್ಲಿ ಎರ್ನಾಕುಳಂನಲ್ಲಿ ಒಬ್ಬ ವಿದ್ಯಾರ್ಥಿಗೆ ನಿಪಾ ಬಂದಾಗ ನೂರಾರು ಸಂಪರ್ಕಿತರ ಮೇಲೆ ನಿಗಾ ಇಟ್ಟರು. ಆತ ಬದುಕಿದ, ಇನ್ನೊಬ್ಬರಿಗೆ ಹರಡಲಿಲ್ಲ. 2021ರಲ್ಲಿ ಕೋಯಿಕ್ಕೋಡಿನ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಉಳಿಸಿಕೊಳ್ಳಲಾಗಲಿಲ್ಲ, ಆದರೆ ಅವನ ಆರೈಕೆ ಮಾಡಿದ ಒಬ್ಬರಿಗೂ ಸೋಂಕು ದಾಟಲಿಲ್ಲ. 2023ರಲ್ಲಿ ಮತ್ತೆ ಬಂದಾಗ ಸೋಂಕಿತರಲ್ಲಿ ಒಬ್ಬರು ಆರೋಗ್ಯ ಕಾರ್ಯಕರ್ತರಿದ್ದರು, ಅಂದರೆ ಜಾಗ್ರತೆ ಇನ್ನೂ ಪೂರ್ತಿಯಾಗಿರಲಿಲ್ಲ. ಆದರೂ ಆರು ಮಂದಿಗೆ ಅದು ನಿಂತಿತು. ವೈರಸ್ ಅದೇ, ಲಸಿಕೆ ಆಗಲೂ ಇಲ್ಲ ಈಗಲೂ ಇಲ್ಲ, ಬದಲಾದದ್ದು ಆಸ್ಪತ್ರೆಯ ನಡವಳಿಕೆ.

ನೀವು ಕೇಳದೆ ಬಿಟ್ಟ, ಆದರೆ ಪ್ರತಿ ತರಬೇತಿಯ ಕೊನೆಯಲ್ಲಿ ಯಾರಾದರೊಬ್ಬರು ನನ್ನ ಬಳಿ ಬಂದು ಮೆಲ್ಲಗೆ ಕೇಳುವ ಒಂದು ಪ್ರಶ್ನೆ ಇದೆ: ರಕ್ಷಣಾ ಸಾಮಗ್ರಿ ಇಲ್ಲದಿದ್ದರೂ ರೋಗಿಯ ಬಳಿ ಹೋಗಲೇಬೇಕೆ? ಸಾಮಗ್ರಿ ಒದಗಿಸುವುದು ಆಡಳಿತದ ಹೊಣೆ, ಅದನ್ನು ಲಿಖಿತವಾಗಿ ಕೇಳುವುದು ನಿಮ್ಮ ಹಕ್ಕು. ಕೇಳಿದರೆ ಹೆದರುಪುಕ್ಕಲಿ ಎನ್ನಿಸಿಕೊಳ್ಳಬೇಕಾಗುತ್ತದೆಂದು ಸಂಕೋಚಪಡುವ ಅಗತ್ಯವಿಲ್ಲ. ತಮ್ಮ ರಕ್ಷಣೆಯ ಬಗ್ಗೆ ಭರವಸೆ ಇರುವ, ತರಬೇತಿ ಪಡೆದ ನರ್ಸ್‌ಗಳು ಸಾಂಕ್ರಾಮಿಕದ ಕಾಲದಲ್ಲಿ ಡ್ಯೂಟಿಗೆ ಬರಲು ಹೆಚ್ಚು ಸಿದ್ಧರಿರುತ್ತಾರೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಹಾಗಾಗಿ ನಿಮ್ಮ ಆ ಬೇಡಿಕೆ ಆಸ್ಪತ್ರೆಯ ಹಿತಕ್ಕೂ ಹೌದು. ಕಿಟ್ ಬರುವವರೆಗೆ ರೋಗಿಯನ್ನು ಕೈಬಿಡಬೇಕಾಗಿಯೂ ಇಲ್ಲ: ಅವರಿಗೊಂದು ಮಾಸ್ಕ್ ತೊಡಿಸಿ, ಕಿಟಕಿ ತೆರೆದಿರುವ ಕೊಠಡಿಯಲ್ಲಿ ಕೂರಿಸಿ, ಇತರರಿಂದ ದೂರವಿಟ್ಟು, ನೀವು ಮಾಸ್ಕ್, ಗ್ಲೌಸ್, ಕನ್ನಡಕ ತೊಟ್ಟು, ಒಬ್ಬರೇ ಸಿಸ್ಟರ್ ಮತ್ತು ಒಬ್ಬರೇ ಆಯಾ ಒಳಗೆ ಹೋಗುವಂತೆ ಮಾಡಿ, ಒಳಗೆ ಹೋದವರ ಹೆಸರು ಮತ್ತು ಸಮಯವನ್ನು ಬಾಗಿಲಿಗೆ ತೂಗುಹಾಕಿದ ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ನಾಳೆ ರೋಗಕ್ಕೆ ಹೆಸರು ಸಿಕ್ಕಾಗ, ಸಂಪರ್ಕಿತರನ್ನು ಹುಡುಕಿಕೊಂಡು ಬರುವವರು ಮೊಟ್ಟಮೊದಲು ಕೇಳುವುದು ಆ ಹಾಳೆಯನ್ನೇ.